ಹುಮನಾಬಾದಿಗೆ ವಿಮಾನದಲ್ಲಿ ಮೂರು ನಿಮಿಷ

ಮೂರು ವರ್ಷ ನಾನು ಹುಮನಾಬಾದಿಗೆ ಹೋಗದಿದ್ದದ್ದು ದೂರದ ದೆಸೆಯಿಂದಲ್ಲ, ಸೊಕ್ಕಿನಿಂದ. ಕೇಳಿದವರಿಗೆಲ್ಲ ಮೊಣಕಾಲು ತೋರಿಸುತ್ತಿದ್ದೆ. ಅದೇ ಮೊಣಕಾಲಿನ ಮೇಲೆ ಈ ನಡುವೆ ತುಳಜಾಪುರಕ್ಕೆ ಎರಡು ಸಲ, ಪಂಢರಪುರಕ್ಕೆ ಒಂದು ಸಲ ಹೋಗಿ ಬಂದಿದ್ದೇನೆ. ದೇವರು ಕೇಳಲಿಲ್ಲ, ನೀವೂ ಕೇಳಬೇಡಿ.

ಹುಮನಾಬಾದಿನ ಮಗ್ಗುಲಿಗೆ ಮಾಣಿಕನಗರದಲ್ಲಿ ನನ್ನ ಅಕ್ಕ ಇದ್ದಾಳೆ. ನಾನು ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದಾಗಿನಿಂದ ಎಳ್ಳಮಾವಾಸ್ಯೆಗೆ ನಮ್ಮ ಹೊಲದಲ್ಲಿ ಆಕೆ ಇರಬೇಕು, ಕಾಳು-ಸೊಪ್ಪಿನ ಭಜ್ಜಿ ಉಣ್ಣಬೇಕು. ಆದರೆ ಕರೆಯದೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಹೊಸ್ತಿಲಿಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ ಕರೆಯಬೇಕು. ನಾಲ್ಕು ಮೊಮ್ಮಕ್ಕಳ ಅಜ್ಜಿಯಾದ ನಾನು ಹೊಸ ಜಾಣತನ ಕಲಿತು ಒಂದು ವರ್ಷ ಫೋನಿನಲ್ಲೇ ಕರೆದೆ.

“ಫೋನಿನಾಗ ಕುಂಕುಮ ಹ್ಯಾಂಗ ಹಚ್ತಿ? ನಿನ್ನ ಭಜ್ಜಿ ನೀನೇ ಉಣ್ಣು” ಎಂದು ಅಕ್ಕ ಫೋನ್ ಇಟ್ಟಳು. ತಪ್ಪು ನನ್ನದು. ಆದರೆ ಮೊದಲು ಫೋನ್ ಇಟ್ಟವಳು ಆಕೆ ಎಂಬುದನ್ನು ನಾನು ಬಂಗಾರದಂತೆ ಜೋಪಾನ ಮಾಡಿದೆ.

ಮೂರು ಎಳ್ಳಮಾವಾಸ್ಯೆ ಆಕೆ ಯಾರ ಹೊಲಕ್ಕೂ ಹೋಗದೆ ಮನೆಯಲ್ಲೇ ಕೂತಳು. ಈ ವರ್ಷ ಘಾಟಬೋರಾಳದಲ್ಲಿರುವ ಆಕೆಯ ಮಗಳು ತನ್ನ ಹೊಲಕ್ಕೆ ಕರೆಯುವವಳಿದ್ದಾಳೆ ಎಂದು ಸುದ್ದಿ ಬಂತು. ಒಮ್ಮೆ ಅಲ್ಲಿ ಉಂಡಳೆಂದರೆ ಮುಂದೆ ಅದೇ ಆಕೆಯ ಹೊಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಾಳು ಹಸನು ಮಾಡುತ್ತ ಕೂತಿದ್ದೆ.

ಸೊಸೆ ಮೊಬೈಲ್ ನೋಡುತ್ತಿದ್ದಳು. “ಅತ್ತಿ, ಇಲ್ಲಿ ಕೇಳ್ರಿ. ಕಲ್ಯಾಣದಿಂದ ಹುಮನಾಬಾದಿಗಿ ವಿಮಾನದಾಗ ಮೂರೇ ನಿಮಿಷ ಅಂತ ಬರದಾರ.”

“ಎಲ್ಲಿ ಹತ್ತಬೇಕವ್ವ? ಊರ ಕ್ವಾಟಿ ಬುರುಜಿನ ಮ್ಯಾಲೇನು?”

“ವಿಮಾನ ಇಲ್ರಿ, ಬರೇ ಲೆಕ್ಕ.”

“ಮತ್ತ ಇಳಿಯಾದು?”

“ನಿಮ್ಮಕ್ಕನ ಅಂಗಳದಾಗ. ಆಕಿ ಇಳಿಯಾಕ ಬಿಟ್ರ.”

ನಾನು ಎರಡನೇ ಇಯತ್ತೆ ಕಲಿತವಳು. ಇಲ್ಲದ ವಿಮಾನಕ್ಕೆ ಹೊತ್ತು ಬರೆದಿಟ್ಟವರ ಪುರುಸೊತ್ತು ಎಂಥದ್ದೋ ತಿಳಿಯದು. ನಮ್ಮ ಮಾವನವರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು, ದಾರಿಯಲ್ಲಿ ಎತ್ತು ಎಷ್ಟು ಸಲ ನೀರು ಕುಡಿಯಿತು ಎಂಬುದನ್ನೂ ಸೇರಿಸಿ. ನಮ್ಮ ಮನೆಯವರು ಚಹಾದಲ್ಲಿ ಅಳೆಯುತ್ತಾರೆ. ನಮ್ಮ ತಾಲೂಕಿನ ಮುಡಬಿಗೆ ಚಹಾ ಬೇಕಿಲ್ಲ, ಹುಮನಾಬಾದಿಗೆ ಹೆದ್ದಾರಿಯ ಬಂಗ್ಲಾ ಸ್ಟಾಪಿನಲ್ಲಿ ಒಂದು. ಯಾರ ಅಳತೆಯಲ್ಲಿ ನೋಡಿದರೂ ಅಕ್ಕನ ಮನೆ ಹತ್ತಿರವೇ. ಅದನ್ನು ದೂರ ಮಾಡಲು ನಾನು ಬಹಳ ದುಡಿಯಬೇಕಾಯಿತು.

ಮರುದಿನ ಬೆಳಿಗ್ಗೆ ಕುಂಕುಮದ ಭರಣಿ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಬಂಗ್ಲಾದಲ್ಲಿ ಕಂಡಕ್ಟರ್ ಚಹಾ ಕುಡಿದ, ನಾನು ಕುಡಿಯಲಿಲ್ಲ. ಅಕ್ಕ ಅಂಗಳ ಗುಡಿಸುತ್ತಿದ್ದಳು.

“ಮೊಣಕಾಲು ಹ್ಯಾಂಗದ?” ಎಂದಳು, ಗುಡಿಸುವುದನ್ನು ನಿಲ್ಲಿಸದೆ.

“ಅದಕ್ಕೇನೂ ಆಗಿಲ್ಲ. ಅಮಾಸಿಗಿ ಹೊಲಕ್ಕ ಬಾ.”

ಅಕ್ಕ ಕಸಬರಿಗೆಯನ್ನು ಗೋಡೆಗೆ ಆನಿಸಿದಳು. ಸೆರಗಿನಿಂದ ಹಣೆ ಒರೆಸಿಕೊಂಡಳು. ನಾನು ಭರಣಿ ಬಿಚ್ಚಿದೆ.