ಔಷಧ ಹೊಡೆಯಬಾರದ ಮಡಿ

ಸಸ್ಯರೋಗಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಲು ನನಗೆ ರೋಗವೇ ಬೇಕಿತ್ತು. ಪ್ರಬಂಧದ ಪ್ರಯೋಗಕ್ಕೆ ಮರಳಿ ಊರಿನ ರೈತ ಬಸಣ್ಣ ತಮ್ಮ ಭತ್ತದ ಗದ್ದೆ ಕೊಟ್ಟಿದ್ದರು. ಹೋಲಿಸಿ ನೋಡಲು ಒಂದು ಮಡಿಗೆ ಮಾತ್ರ ಔಷಧ ಹೊಡೆಯಲೇಬಾರದೆಂದು ಹೇಳಿದ್ದೆ. ಬೆಂಕಿ ರೋಗ ಎಷ್ಟು ಬಂದಿದೆಯೆಂದು ನೋಡಹೋದರೆ ಆ ಮಡಿಯೂ ಹಚ್ಚಗಿತ್ತು.

“ಅಣ್ಣಾರ, ಇದಕ್ಕೂ ರೋಗದ ಎಣ್ಣಿ ಹೊಡದೀರೇನ್ರಿ?”

“ಮತ್ತೇನ್ ಮಾಡ್ಲಿ ತಂಗಿ? ರಸ್ತಾಕ್ಕ ಹತ್ತಿದ ಹೊಲ. ಹೋಗೋರು ಬರೋರು ‘ಬಸಣ್ಣಗ ಕಮತ ಬರಂಗಿಲ್ಲ’ ಅಂತಾರ.”

ಅವರಿಗೆ ಬೆಳೆ ಬಂತು, ನನ್ನ ಹಂಗಾಮು ಹಾಳಾಯಿತು. ನಾನೂ ಬಿಡಲಿಲ್ಲ. ಮುಂದಿನ ಸಲ ಅದೇ ಮಡಿಯಲ್ಲಿ ಬೋರ್ಡು ನೆಟ್ಟೆ: ‘ಈ ರೋಗ ಬೇಕೆಂದೇ ಬಿಟ್ಟದ್ದು. ಬಸಣ್ಣನವರ ತಪ್ಪಿಲ್ಲ.’

ಎಲೆಗಳು ಸುಟ್ಟಂತಾದಾಗ ಬಸಣ್ಣ ದಾರಿಹೋಕರನ್ನು ಕರೆಕರೆದು ತೋರಿಸುತ್ತಿದ್ದರು: “ನೋಡ್ರಿ, ಎಷ್ಟ್ ಛಲೋ ರೋಗ ಬಂದೈತಿ! ನಮ್ಮ ತಂಗಿ ಪಾಸಾದಂಗ.”