ಬರ್ನಡೆಟ್ ವಾಯ್ಚಿಕ್‌ಳ ಎಂಟು ಕ್ರೆಡಿಟ್

ಕ್ಷಮಿಸುವುದು ದೊಡ್ಡ ಗುಣ ಎಂದು ಉಪದೇಶ ಮಾಡುವವರು ಸಾಮಾನ್ಯವಾಗಿ ಏನನ್ನೂ ಕಳೆದುಕೊಂಡಿರುವುದಿಲ್ಲ. ಬರ್ನಡೆಟ್ ವಾಯ್ಚಿಕ್ ಕಳೆದುಕೊಂಡಿದ್ದಳು. ಹಾಗಾಗಿ ಅವಳು ಆ ಗುಣದ ಗೊಡವೆಗೇ ಹೋಗಲಿಲ್ಲ.

ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿ ಹಾರ್ಕ್‌ನೆಸ್ ಫಾಲ್ಸ್ ಎಂಬ ನಾಲ್ಕು ಸಾವಿರ ಜನರ ಊರು. ಅಲ್ಲಿನ ನೀರು ಶುದ್ಧೀಕರಣ ಘಟಕಕ್ಕೆ ಅವಳು ಸೇರಿದ್ದು ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಬಾಟಲಿ ತೊಳೆಯುವ ಕೆಲಸಕ್ಕೆ. ಈಗ ಐವತ್ತನಾಲ್ಕು. ನಡುವಿನ ಮೂವತ್ತು ವರ್ಷಗಳಲ್ಲಿ ಆ ನದಿಯ ಬುದ್ಧಿ ಅವಳಿಗೆ ಗೊತ್ತಾದಷ್ಟು ಇನ್ನಾರಿಗೂ ಗೊತ್ತಾಗಲಿಲ್ಲ. ಮುಖ್ಯವಾಗಿ ಏಪ್ರಿಲ್ ತಿಂಗಳ ಬುದ್ಧಿ. ಬೆಟ್ಟದ ಮೇಲಿನ ಹಿಮ ಕರಗಿ ಹೊಳೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ನೀರು ಕೈಯಿಟ್ಟರೆ ಬೆರಳು ಸೆಟೆಯುವಷ್ಟು ತಣ್ಣಗಿರುತ್ತದೆ. ಪಟಿಕ ಹಾಕಿದರೆ ಕೊಳೆ ಗಂಟುಕಟ್ಟಿ ತಳಕ್ಕಿಳಿಯಬೇಕು. ಆ ನೀರಿನಲ್ಲಿ ಅದು ಇಳಿಯುವುದಿಲ್ಲ. ಪ್ರತಿ ವಸಂತದಲ್ಲೂ ಊರಿನ ನಲ್ಲಿಗಳಲ್ಲಿ ಎರಡು ವಾರ ಕಂದು ನೀರು ಬರುತ್ತಿತ್ತು.

ಬರ್ನಡೆಟ್ ಇದರ ಬೆನ್ನು ಹತ್ತಿದಳು. ಹನ್ನೊಂದು ವಸಂತ, ಆರಾರು ಗಾಜಿನ ಜಾಡಿಗಳಲ್ಲಿ ನೀರು ತುಂಬಿ, ಬೇರೆ ಬೇರೆ ಅಳತೆ ಹಾಕಿ, ಕಲಕಿ, ಕಾದು ನೋಡಿದಳು. ಕೊನೆಗೆ ದಾರಿ ಸಿಕ್ಕಿತು: ಮೊದಲು ವಾಷಿಂಗ್ ಸೋಡಾ, ಆಮೇಲೆ ಆರು ನಿಮಿಷ ಸುಮ್ಮನಿರುವುದು, ಆಮೇಲೆ ಪಟಿಕವನ್ನು ಎರಡು ಕಂತಿನಲ್ಲಿ ಹಾಕಿ ನಿಧಾನಕ್ಕೆ ಕಲಕುವುದು. ಎಲ್ಲವನ್ನೂ ನೀಲಿ ರಟ್ಟಿನ ನೋಟ್‌ಪುಸ್ತಕಗಳಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಿಟ್ಟಳು. ಊರು ಕಂದು ನೀರನ್ನೇ ಮರೆತುಬಿಟ್ಟಿತು.

ಹನ್ನೊಂದು ವರ್ಷದ ಹಿಂದೆ ಮೇಲ್ವಿಚಾರಕನ ಹುದ್ದೆ ಖಾಲಿಯಾದಾಗ ಅದು ಅವಳದೇ ಎಂದು ಎಲ್ಲರೂ ತಿಳಿದಿದ್ದರು. ಆದರೆ ಪ್ರಕಟಣೆಯಲ್ಲಿ ‘ಪದವಿ ಕಡ್ಡಾಯ’ ಎಂದಿತ್ತು. ಹುದ್ದೆ ಕರ್ಟ್ ಲಾಫ್ಟನ್‌ನ ಪಾಲಾಯಿತು. ಪದವಿ ಹಿಡಿದುಕೊಂಡು ಬಂದಿದ್ದ ಅವನಿಗೆ ಮೂರು ವರ್ಷ ಕೆಲಸ ಕಲಿಸಿದವಳು ಇವಳೇ. ಅದನ್ನೂ ಅವಳು ನುಂಗಿಕೊಂಡಳು. ಕರ್ಟ್ ಹೊಸ ಲ್ಯಾಬ್ ಕಟ್ಟಿಸುವಾಗ, “ಎಲ್ಲಾ ಕಂಪ್ಯೂಟರಿಗೆ ಹಾಕಾಯ್ತು ಬರ್ನಿ, ಈ ಹಳೇ ಕಸ ಯಾಕೆ?” ಎಂದು ನೀಲಿ ಪುಸ್ತಕಗಳನ್ನೆಲ್ಲ ಎಸೆದ. ಅದನ್ನೂ ಹಲ್ಲು ಕಚ್ಚಿ ಸಹಿಸಿಕೊಂಡಳು.

ಮರುವರ್ಷ ಊಟದ ಮೇಜಿನ ಮೇಲೆ ನೀರು ಸರಬರಾಜು ಸಂಘದ ಮಾಸಪತ್ರಿಕೆ ಬಿದ್ದಿತ್ತು. ಮೊದಲ ಪುಟದಲ್ಲಿ ಕರ್ಟ್ ನಗುತ್ತಿದ್ದ. ‘ಹಿಮದ ನೀರಿಗೆ ಲಾಫ್ಟನ್ ವಿಧಾನ’, ವರ್ಷದ ಪ್ರಶಸ್ತಿ, ಒಳಗೆ ಹನ್ನೆರಡು ಪುಟದ ಲೇಖನ. ಬರ್ನಡೆಟ್ ಸ್ಯಾಂಡ್‌ವಿಚ್ ಕೆಳಗಿಟ್ಟು ಓದಿದಳು. ವಾಕ್ಯಗಳೂ ಅವಳವೇ, ಅಳತೆಗಳೂ ಅವಳವೇ. ಕೆಸರು ಇವಳ ಕೈಗೆ, ಮೊಸರು ಅವನ ಬಾಯಿಗೆ. ಮೇಯರ್ ಹತ್ತಿರ ಹೋದಳು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಪುಸ್ತಕ ಎಲ್ಲಿ, ಬರ್ನಿ?” ಇಲ್ಲ ಎಂದಳು. “ಆತ ಓದಿರೋ ಮನುಷ್ಯ. ನೀನು ಸುಮ್ನೆ ಮನಸ್ಸಿಗೆ ಹಚ್ಕೋಬೇಡ,” ಎಂದು ಕಳಿಸಿದ.

ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಳು, ಚೆನ್ನಾಗಿಯೇ ಹಚ್ಚಿಕೊಂಡಳು. ಮುಂದಿನ ವಾರವೇ ರಾಜ್ಯದ ವಯಸ್ಕರ ಕಾಲೇಜಿಗೆ ಹೆಸರು ಬರೆಸಿದಳು. ಊರಿನ ಹಳೆಯ ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅದರ ಒಂದು ಕಚೇರಿ. ಅಲ್ಲಿ ಲಾರಿ ಓಡಿಸುವವರು, ನರ್ಸುಗಳು, ಮೊಮ್ಮಕ್ಕಳನ್ನು ಕಂಡವರು ತಮ್ಮ ತಮ್ಮ ಪಾಳಿ ನೋಡಿಕೊಂಡು ಓದುತ್ತಾರೆ. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಿ. ಬರ್ನಡೆಟ್‌ಗೆ ಸಿಕ್ಕವಳು ಮಾರ್ಗೋ ಟಿಬೆಟ್ಸ್ ಎಂಬ ಸಾವಧಾನದ ಹೆಂಗಸು. ಎರಡು ವರ್ಷ ಗಣಿತ, ರಸಾಯನಶಾಸ್ತ್ರ, ಪ್ರಬಂಧ ಎಲ್ಲ ಮುಗಿದ ಮೇಲೆ ಮಾರ್ಗೋ ಹೇಳಿದಳು:

“ನೀನು ಕೆಲಸದಲ್ಲಿ ಕಲಿತಿದ್ದಕ್ಕೂ ಇಲ್ಲಿ ಪದವಿಗೆ ಲೆಕ್ಕ ಹಿಡಿಯೋ ಕ್ರೆಡಿಟ್ ಕೊಡ್ತಾರೆ. ಗೊತ್ತಿರೋದನ್ನ ಬರೆದು ಕೊಡು. ಆ ಕಸುಬು ತಿಳಿದ ಹೊರಗಿನವರೊಬ್ಬರು ಓದಿ, ನಿನ್ನ ಮಾತಾಡಿಸಿ ತೀರ್ಮಾನ ಮಾಡ್ತಾರೆ. ಎಂಟು ಕ್ರೆಡಿಟ್ ಸಿಗಬಹುದು. ಆದ್ರೆ ಇದನ್ನ ನೀನೇ ಮಾಡಿದ್ದು ಅಂತ ಕಣ್ಣಾರೆ ಕಂಡವರ ಒಂದು ಪತ್ರ ಬೇಕು. ಸಾಮಾನ್ಯವಾಗಿ ಮೇಲಧಿಕಾರಿದು.”

“ಮೇಲಧಿಕಾರಿದೇ ಆಗಬೇಕಾ?”

“ಆದ್ರೆ ಒಳ್ಳೇದು.”

ಬರ್ನಡೆಟ್ ಅಂದು ಮನೆಗೆ ಹೋಗುವಾಗ ಕಾರಿನಲ್ಲಿ ಒಬ್ಬಳೇ ನಕ್ಕಳಂತೆ. ಅವಳು ಮತ್ತೆ ದೂರು ಕೊಟ್ಟರೆ ಕೇಳುವವರಿಲ್ಲ. ಆದರೆ ಅವಳನ್ನೇ ಕಳ್ಳಿ ಎಂದು ಯಾರಾದರೂ ಕರೆದರೆ ಕಾಲೇಜು ವಿಚಾರಣೆ ಮಾಡಲೇಬೇಕು. ಕೃತಿಚೌರ್ಯ ಎಂಬ ಮಾತು ಕೇಳಿದರೆ ಅಲ್ಲಿನವರಿಗೆ ಮೈಯೆಲ್ಲ ಉರಿ. ಆದ್ದರಿಂದ ಅವಳು ಪ್ರಬಂಧ ಬರೆಯಲು ಕೂತಾಗ ಒಂದೇ ಒಂದು ಹೊಸ ವಾಕ್ಯ ಕಟ್ಟಲಿಲ್ಲ. ನೀಲಿ ಪುಸ್ತಕದಲ್ಲಿದ್ದುದನ್ನು ನೆನಪಿನಿಂದ ಹಾಗೇ ಇಳಿಸಿದಳು, ಪತ್ರಿಕೆಯಲ್ಲಿ ಕರ್ಟ್ ಹೆಸರಿನಲ್ಲಿ ಅಚ್ಚಾಗಿದ್ದ ಹಾಗೆಯೇ.

ಪತ್ರವನ್ನೂ ತಾನೇ ಬರೆದಳು: ‘ಹಿಮದ ನೀರಿನ ಈ ವಿಧಾನವನ್ನು ನಾನು ಇಲ್ಲಿಗೆ ಬರುವ ಮೊದಲೇ ಬರ್ನಡೆಟ್ ವಾಯ್ಚಿಕ್ ಒಬ್ಬರೇ ಕಂಡುಹಿಡಿದು ಬರೆದಿಟ್ಟಿದ್ದರು.’ ಅದನ್ನು ವಾರದ ವರದಿಗಳ ನಡುವೆ ಇಟ್ಟು ಕರ್ಟ್‌ನ ಮುಂದೆ ಹಿಡಿದಳು.

“ಇದೇನು?”

“ನನ್ನ ಕಾಲೇಜಿಂದು. ನಾನು ಇಲ್ಲಿ ಕೆಲಸ ಮಾಡ್ತೀನಿ ಅಂತ ಒಂದು ಸಹಿ.”

“ಓಹೋ, ಅಜ್ಜಿ ಸ್ಕೂಲಿಗೆ ಹೊರಟಳು! ಬ್ಯಾಗು, ಊಟದ ಡಬ್ಬ ಎಲ್ಲಾ ತಗೊಂಡ್ಯಾ?” ಕರ್ಟ್ ತನ್ನ ಮಾತಿಗೆ ತಾನೇ ನಗುತ್ತ ಸಹಿ ಗೀಚಿದ. ಅಷ್ಟು ವರ್ಷ ಇವಳು ಇಟ್ಟ ಯಾವ ಕಾಗದವನ್ನೂ ಅವನು ಓದಿರಲಿಲ್ಲ.

ಬಲೆ ಬೀಸುವಾಗ ಅವಳು ಹಾಕಿದ ಲೆಕ್ಕ ಮಾರ್ಚ್ ತಿಂಗಳಲ್ಲಿ ಅರ್ಧ ಸರಿಯಾಯಿತು. ಮೌಲ್ಯಮಾಪನಕ್ಕೆ ಬಂದವನು ಐರಾ ಸ್ಲೋಕಮ್. ದೊಡ್ಡ ನಗರದ ನೀರಿನ ಇಲಾಖೆಯಿಂದ ನಿವೃತ್ತನಾದ, ಕಿವಿಗೆ ಯಂತ್ರ ಹಾಕುವ ಎಪ್ಪತ್ನಾಲ್ಕರ ಮುದುಕ. ಎರಡನೇ ಪುಟಕ್ಕೇ ಪೆನ್ನು ಕೆಳಗಿಟ್ಟು, ಇದನ್ನು ನಾನು ಮೊದಲೇ ಓದಿದ್ದೇನೆ ಎಂದು ಕಾಲೇಜಿಗೆ ಬರೆದ. ಮಾರ್ಗೋ ಗಾಬರಿಯಿಂದ ಫೋನ್ ಮಾಡಿದಳು. ಕಡತದಲ್ಲಿ ಕರ್ಟ್‌ನ ಸಹಿಯಿರುವ ಪತ್ರವಿದೆ, ನೋಡಿ ಎಂದಳು ಬರ್ನಡೆಟ್. ಈಗ ಕರ್ಟ್ ಒಂದೋ ಲೇಖನ ಸುಳ್ಳೆನ್ನಬೇಕು, ಇಲ್ಲವೇ ತನ್ನ ಸಹಿ ಸುಳ್ಳೆನ್ನಬೇಕು.

ಕರ್ಟ್ ಸಹಿಯೇ ಸುಳ್ಳೆಂದ. ಒಂದಿಷ್ಟೂ ನಾಚಿಕೆಯಿಲ್ಲದೆ ಕಾಲೇಜಿಗೆ ಉತ್ತರ ಬರೆದ: ‘ಅವರು ವರದಿಗಳ ನಡುವೆ ಮೋಸದಿಂದ ಇಟ್ಟ ಕಾಗದಕ್ಕೆ ನಾನು ಓದದೆ ಸಹಿ ಹಾಕಿದೆ. ಅದು ನನ್ನ ತಪ್ಪು. ಆದರೆ ವಿಧಾನ ನನ್ನದು.’

ಇದನ್ನು ಅವಳು ಎಣಿಸಿರಲಿಲ್ಲ. ಓದದೆ ಸಹಿ ಮಾಡಿದೆ ಎಂದು ಗಂಡಸೊಬ್ಬ ಒಪ್ಪಿಕೊಂಡಾನೆಂದು ಅವಳಿಗೆ ಹೊಳೆದಿರಲೇ ಇಲ್ಲ. ಈಗ ಕಳ್ಳತನದ ಜೊತೆಗೆ ಮೋಸದ ಆರೋಪವೂ ಅವಳ ತಲೆಗೇ ಬಂತು. ಸಾಬೀತಾದರೆ ಕಾಲೇಜಿನಿಂದ ಹೊರಗೆ, ಮೂರು ವರ್ಷದ ಓದು ಮಣ್ಣುಪಾಲು, ವಿಧಾನ ಸಾಯುವವರೆಗೂ ಲಾಫ್ಟನ್‌ನದು.

ಅದು ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಶುಕ್ರವಾರದ ಮಾರಾಟಕ್ಕೆ ಪಿಯೆರೋಗಿ ಮಡಿಚುತ್ತಿದ್ದರು. ಆಲೂಗಡ್ಡೆಯ ಹೂರಣದ ಕಡುಬು. ಬರ್ನಡೆಟ್‌ಳ ಅಕ್ಕ ಟೆಸ್ಸಿ ಹಿಟ್ಟಿನ ಕೈಯಲ್ಲೇ ಹೇಳಿದಳು:

“ಬಿಟ್ಬಿಡೇ. ಇಂಥ ದಿನದಲ್ಲಿ ಹಗೆ ಸಾಧಿಸಬಾರದು. ಆ ಎಂಟು ಕ್ರೆಡಿಟ್ ಬೇಡ ಅಂತ ಬರೆದುಕೊಡು, ಬೇರೆ ಯಾವುದಾದ್ರೂ ಪಾಠ ಓದು.”

“ನೀನು ಸಿಹಿ ಬಿಟ್ಟಿದೀಯಲ್ಲ ಉಪವಾಸಕ್ಕೆ, ಎಷ್ಟು ದಿನ?”

“ನಲವತ್ತು.”

“ನಾನು ಹನ್ನೊಂದು ವರ್ಷದಿಂದ ಅವನ ಮುಂದೆ ಬಾಯಿ ಬಿಟ್ಟಿಲ್ಲ. ನನಗೆ ಹೇಳ್ಬೇಡ ಉಪವಾಸ.” ಅವಳು ಹೊಸಕಿ ಮುಚ್ಚಿದ ಕಡುಬು ಬಾಯಿ ಒಡೆದು ಹೂರಣ ಹೊರಗೆ ಬಂತು. ಟೆಸ್ಸಿ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

ಸ್ಲೋಕಮ್ ಮಾತ್ರ ಹಳೇ ಕಾಲದವನು. ಕಾಗದ ಕಾಗದದ ಜೊತೆ ಜಗಳಕ್ಕೆ ನಿಂತರೆ ನೀರನ್ನು ಕೇಳಬೇಕು ಎಂದು, ಏಪ್ರಿಲ್ ಎರಡನೇ ವಾರ ತಾನೇ ಘಟಕಕ್ಕೆ ಬರುತ್ತೇನೆಂದ. ಕರ್ಟ್ ಒಲ್ಲೆ ಎನ್ನುವಂತಿರಲಿಲ್ಲ. “ಬನ್ನಿ ಬನ್ನಿ, ನಾನೇ ತೋರಿಸ್ತೀನಿ,” ಎಂದು ಗಟ್ಟಿಯಾಗಿಯೇ ಹೇಳಿದ.

ಬಂದ ದಿನ ಹೊಳೆಯೂ ಮುಹೂರ್ತ ನೋಡಿ ಬಂದಂತಿತ್ತು. ಬೆಳಗ್ಗೆ ಒಂಬತ್ತಕ್ಕೆ ಒಳಗೆ ಬಂದ ನೀರು ಕಡು ಚಹಾ. ಮಾರ್ಗೋ ಕಾಲೇಜಿನ ಪರವಾಗಿ ಕುರ್ಚಿ ಹಾಕಿಕೊಂಡು ಕೂತಳು. ಸ್ಲೋಕಮ್ ಆರು ಜಾಡಿ ಇವನಿಗೆ, ಆರು ಜಾಡಿ ಅವಳಿಗೆ ಎಂದು ಹಂಚಿ, “ನೀವು ಅಧಿಕಾರಿ, ನೀವೇ ಮೊದಲು,” ಎಂದು ಕರ್ಟ್‌ಗೆ ಕೈ ತೋರಿಸಿದ.

ಕರ್ಟ್ ಅಂಗಿಯ ತೋಳು ಮಡಿಚಿದ. ಪಟಿಕದ ದ್ರಾವಣ ಎತ್ತಿಕೊಂಡು ಆರೂ ಜಾಡಿಗೆ ಹಾಕಿ ಕಲಕುವ ಯಂತ್ರ ತಿರುಗಿಸಿದ. ಹತ್ತು ನಿಮಿಷವಾಯಿತು. ನೀರು ಮಜ್ಜಿಗೆಯಂತೆ ಮಸುಕಾಯಿತೇ ಹೊರತು ಗಂಟು ಕಟ್ಟಲಿಲ್ಲ. ಇನ್ನಷ್ಟು ಹಾಕಿದ. ಮತ್ತಷ್ಟು ಮಸುಕಾಯಿತು. ಕುತ್ತಿಗೆಯ ಹಿಂದೆ ಬೆವರು ಮೂಡಿತು. ಸೋಡಾ ಬಾಟಲಿಯ ಕಡೆ ಕೈ ಚಾಚಿದವನು ತಟ್ಟನೆ ನಿಂತ. ತಲೆ ಎತ್ತದೆ, ಯಾವ ಯೋಚನೆಯೂ ಇಲ್ಲದೆ, ಇಷ್ಟು ವರ್ಷ ಪ್ರತಿ ಏಪ್ರಿಲ್‌ನಲ್ಲಿ ಕೇಳಿದ ಹಾಗೆಯೇ ಕೇಳಿದ:

“ಎಷ್ಟು ಹಾಕ್ಬೇಕು, ಬರ್ನಿ?”

ಮಾರ್ಗೋ ಬರೆಯುತ್ತಿದ್ದುದನ್ನು ನಿಲ್ಲಿಸಿದಳು. ಸ್ಲೋಕಮ್ ಕಿವಿಯ ಯಂತ್ರವನ್ನು ಬೆರಳಿಂದ ಒತ್ತಿ ಸರಿಮಾಡಿಕೊಂಡ. ತಾನು ಏನಂದೆ ಎಂದು ಕರ್ಟ್‌ಗೆ ಆಗ ತಿಳಿಯಿತು. ಮುಖ ಸುಣ್ಣವಾಯಿತು.

ಹನ್ನೊಂದು ವರ್ಷ ಕಾರಿನಲ್ಲಿ, ಸ್ನಾನದ ಮನೆಯಲ್ಲಿ, ಒಲೆಯ ಮುಂದೆ ಬರ್ನಡೆಟ್ ಎಷ್ಟೋ ಬೈಗುಳ ಕಟ್ಟಿಟ್ಟಿದ್ದಳು. ಯಾವುದೂ ಬೇಕಾಗಲಿಲ್ಲ.

“ನಿಮ್ಮ ಲೇಖನದಲ್ಲೇ ಇದೆಯಲ್ಲ. ಒಂಬತ್ತನೇ ಪುಟ. ನೋಡ್ಕೊಳ್ಳಿ.”

ಆ ಪುಣ್ಯಾತ್ಮ ನಿಜವಾಗಿಯೂ ನೋಡಲು ಹೋದ! ತನ್ನ ಕೋಣೆಗೆ ನಡೆದು, ಪತ್ರಿಕೆಯ ಪುಟ ತಿರುವಿ, ತಾನು ಬರೆದದ್ದೆಂದ ಅಕ್ಷರದ ಮೇಲೆ ಬೆರಳಿಟ್ಟು ಓದಿದ್ದು ತೆರೆದ ಬಾಗಿಲಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಅವನು ವಾಪಸು ಬರುವಷ್ಟರಲ್ಲಿ ಬರ್ನಡೆಟ್ ತನ್ನ ಜಾಡಿಗಳಿಗೆ ಒಂದೊಂದಕ್ಕೂ ಒಂದೊಂದು ಅಳತೆಯಲ್ಲಿ ಸೋಡಾ ಹಾಕಿ ಕೈಕಟ್ಟಿ ನಿಂತಿದ್ದಳು. ಆರು ನಿಮಿಷ ಕಳೆಯಿತು. ಪಟಿಕದ ಮೊದಲ ಕಂತು, ಎರಡನೇ ಕಂತು. ನಾಲ್ಕನೇ ಜಾಡಿಯಲ್ಲಿ ಕೊಳೆ ಹಿಂಜಿದ ಹತ್ತಿಯ ಹಾಗೆ ಗಂಟುಕಟ್ಟಿ ಮೆಲ್ಲಗೆ ತಳಕ್ಕಿಳಿಯಿತು. ಮೇಲೆ ಉಳಿದದ್ದು ತಿಳಿನೀರು.

“ಎಷ್ಟು ಕ್ರೆಡಿಟ್ ಕೇಳಿದ್ದೆಯಮ್ಮ?” ಎಂದ ಸ್ಲೋಕಮ್.

“ಎಂಟು.”

“ಕಾಲೇಜಿಗೆ ಕೊಡೋಕೆ ಅಷ್ಟೇ ಇರೋದು. ಇಲ್ಲದಿದ್ರೆ ನಾನು ಇನ್ನೂ ಬರೀತಿದ್ದೆ.”

ಆದರೆ ಹೊಳೆ ಯಾರ ವಿಚಾರಣೆಗೂ ಕಾಯುವುದಿಲ್ಲ. ಆ ಕಂದು ನೀರು ಊರಿನ ಕಡೆ ಹೊರಟಿತ್ತು. ಬರ್ನಡೆಟ್ ನಾಲ್ಕನೇ ಜಾಡಿಯ ಅಳತೆ ಓದಿ, ಕರ್ಟ್ ಕಡೆಗೆ ತಿರುಗಿದಳು.

“ಪಟಿಕದ ಪಂಪಿನ ಹತ್ರ ಹೋಗಿ ನಿಂತ್ಕೋ. ನಾನು ಹೇಳಿದಷ್ಟು ತಿರುಗಿಸು. ಜಾಸ್ತಿ ಬೇಡ.”

ಮೇಲ್ವಿಚಾರಕ ಕರ್ಟ್ ಲಾಫ್ಟನ್ ಹೋಗಿ ನಿಂತ, ಅವಳು ಹೇಳಿದಷ್ಟೇ ತಿರುಗಿಸಿದ. ಇದಕ್ಕಿಂತ ಸಿಹಿಯಾದದ್ದನ್ನು ಬರ್ನಡೆಟ್ ಜನ್ಮದಲ್ಲಿ ತಿಂದಿರಲಿಲ್ಲ. ಅದನ್ನು ಅವಳು ಯಾರ ಹತ್ತಿರವೂ ಮುಚ್ಚಿಡಲಿಲ್ಲ.

ಸಂಘ ಪ್ರಶಸ್ತಿ ವಾಪಸು ಪಡೆಯಿತು. ಊರಿನ ಮಂಡಳಿ ಕರ್ಟ್‌ನ ರಾಜೀನಾಮೆ ಕೇಳಿ, ಮುಂದಿನ ಮೇ ತಿಂಗಳಲ್ಲಿ ಬರ್ನಡೆಟ್‌ಳ ಪದವಿ ಕೈಗೆ ಬರುವವರೆಗೆ ಹಂಗಾಮಿಯಾಗಿ, ಆಮೇಲೆ ಕಾಯಮ್ಮಾಗಿ ಹುದ್ದೆಯನ್ನು ಅವಳಿಗೇ ಕೊಟ್ಟಿತು. ಮೇಯರ್ ಒಂದು ದಿನ ಕೈಕುಲುಕಲು ಬಂದ. ಅವಳು ಕೈಗವಸು ತೆಗೆಯಲಿಲ್ಲ. ಉಳಿದದ್ದು ಒಂದೇ. ಕರ್ಟ್ ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಬರೆಯಬೇಕು, ಬರ್ನಡೆಟ್ ಒಪ್ಪಿದ ಮೇಲೆಯೇ ಅಚ್ಚು ಹಾಕುತ್ತೇವೆ ಎಂದು ಸಂಘ ಷರತ್ತು ಹಾಕಿತ್ತು.

ಅವನ ಮೊದಲ ಕರಡು ಬಂತು: ‘ಬರ್ನಡೆಟ್ ವಾಯ್ಚಿಕ್ ಅವರ ಸಹಕಾರವನ್ನು ನಮೂದಿಸಲು ಮರೆತಿದ್ದೆ.’ ಅವಳು ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ಬರೆದಳು: ‘ಹನ್ನೆರಡು ಪುಟದ ಮರೆವೇ? ಆಧಾರ ಕೊಡಿ.’ ಎರಡನೆಯದು: ‘ಅವರ ಟಿಪ್ಪಣಿಗಳಿಂದ ಸ್ಫೂರ್ತಿ ಪಡೆದಿದ್ದೆ.’ ಅದಕ್ಕೆ ‘ಅಸ್ಪಷ್ಟ. ಮತ್ತೆ ಬರೆಯಿರಿ’ ಎಂದಳು. ಮೂರನೆಯದರಲ್ಲಿ ಲೇಖನದ ಬಹುಭಾಗ ಅವರ ಬರಹದ್ದಾಗಿತ್ತು ಎಂದಿದ್ದ. ‘ಹಾಗಾದರೆ ನಿಮ್ಮ ಹೆಸರು ಅಲ್ಲಿಗೆ ತಾನಾಗಿ ನಡೆದುಕೊಂಡು ಬಂತೇ?’ ಎಂದು ಅದನ್ನೂ ಹಿಂದಿರುಗಿಸಿದಳು.

“ಎಷ್ಟು ಸಲ ಬರೆಸ್ತೀಯೇ ಆ ಪಾಪಿ ಕೈಲಿ?” ಎಂದು ಟೆಸ್ಸಿ ಬೈದಳು.

“ನನ್ನ ಕೈಲೂ ಹೀಗೇ ಬರೆಸಿದ್ರು ಕಾಲೇಜಲ್ಲಿ. ಸರಿಯಾಗೋವರೆಗೂ.”

ನಾಲ್ಕನೆಯದು ಜುಲೈ ತಿಂಗಳಲ್ಲಿ ಬಂತು. ಮೂರೇ ಸಾಲು. ‘ಈ ವಿಧಾನ ಬರ್ನಡೆಟ್ ವಾಯ್ಚಿಕ್ ಅವರದು. ಬರೆದವರೂ ಅವರೇ. ನಾನು ಅದನ್ನು ಕದ್ದೆ.’

ಬರ್ನಡೆಟ್ ಅದನ್ನು ಅಕ್ಕನಿಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದಳು. ಆಮೇಲೆ ಕೆಂಪು ಪೆನ್ನಿನಿಂದ ಕೆಳಗೆ ‘ಸರಿ’ ಎಂದು ಬರೆದು, ಮೂಲೆಯಲ್ಲಿ ದರ್ಜೆಯನ್ನೂ ಹಾಕಿದಳು. ‘ಸಿ’.

“ಸಿ ಯಾಕೇ? ಎಲ್ಲಾ ಒಪ್ಕೊಂಡಿದಾನಲ್ಲ,” ಎಂದಳು ಟೆಸ್ಸಿ.

“ಬರೆದಿರೋದೇನೋ ಚೆನ್ನಾಗಿದೆ,” ಎಂದು ಬರ್ನಡೆಟ್ ಲಕೋಟೆಯ ಅಂಚಿಗೆ ನಾಲಿಗೆ ತಾಗಿಸಿ ಅಂಟಿಸಿದಳು. “ತಡವಾಗಿ ಕೊಟ್ಟಿದಾನೆ.”