ಎಲ್ಲಿಗೆ ಅಂತ ಕೇಳಿದ್ದು

ದೆವ್ವ, ಶಕುನ, ಅಪಶಕುನ ಅಂದರೆ ನನಗೆ ಮೊದಲಿಂದಲೂ ನಗು. ಯಾರಾದರೂ ಇಂಥ ಕತೆ ತೆಗೆದರೆ ‘ಸಾಕು ಬಿಡ್ರಿ’ ಅಂತ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ನಾನೇ ಒಂದು ಹೇಳಬೇಕಾಗಿದೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಇದನ್ನು ಹೇಳಲು ನನಗೆ ಅಂಜಿಕೆಗಿಂತ ನಾಚಿಕೆಯೇ ಹೆಚ್ಚು.

ಎಪ್ಪತ್ತರ ದಶಕದ ಮಾತು. ಬಿ.ಎ. ಮುಗಿಸಿ ಖಾಲಿ ತಿರುಗುತ್ತಿದ್ದ ನನಗೆ ರಸ್ತೆ ಸರ್ವೆಯಲ್ಲಿ ಹಂಗಾಮಿ ನೌಕರಿ ಸಿಕ್ಕಿತು. ಎಲ್ಲಿ ರಸ್ತೆ ಅಗಲ ಮಾಡಬೇಕು, ಎಲ್ಲಿ ಬಸ್ಸು ಹೆಚ್ಚು ಬಿಡಬೇಕು ಅಂತ ತಿಳಿಯಲು ಸರಕಾರಕ್ಕೆ ಮಂದಿಯ ಓಡಾಟದ ಲೆಕ್ಕ ಬೇಕಿತ್ತು. ಸವದತ್ತಿಯಲ್ಲೇ ನಮ್ಮ ಮುಕ್ಕಾಂ. ಊರ ಹೊರಗೆ ಪೊಲೀಸಪ್ಪ ಸೀಟಿ ಊದಿ ಬಸ್ಸು, ಲಾರಿ, ಚಕ್ಕಡಿ ನಿಲ್ಲಿಸುತ್ತಿದ್ದ. ನಾವು ಓಡಿ ಹೋಗಿ ಎಲ್ಲಿಂದ ಬಂದ್ರಿ, ಎಲ್ಲಿಗೆ ಹೊಂಟ್ರಿ, ಯಾಕ ಅಂತ ಕೇಳಬೇಕು.

ಸರ್ವೆ ನಡೆಸಲು ಬೆಂಗಳೂರಿನಿಂದ ಬಂದಿದ್ದ ನಮ್ಮ ಸಾಹೇಬರಿಗೆ ಗೊತ್ತಿಲ್ಲದ್ದೊಂದಿತ್ತು. ನಮ್ಮ ಕಡೆ ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಅಂತ ಎಷ್ಟೋ ಮಂದಿ ತಿರುಗಿ ಮನೆಗೆ ಹೋಗಿ, ಕುಂತು, ನೀರು ಕುಡಿದು ಮತ್ತೆ ಹೊರಡುತ್ತಾರೆ. ಚಕ್ಕಡಿಯವರು ನಮ್ಮನ್ನು ಬಾಯಿಗೆ ಬಂದಂತೆ ಬೈದರು. ಮಗನಿಗೆ ಹೆಣ್ಣು ನೋಡಲು ಹೊರಟಿದ್ದ ಒಬ್ಬಾಕೆ ನನ್ನ ಮುಖಕ್ಕೆ ಉಗಿಯುವುದೊಂದು ಬಾಕಿ. ನಾನು ನಕ್ಕು, ‘ಹಳ್ಳಿ ಮಂದಿ ಸರ್’ ಅಂದೆ. ನಾನೇನು ಬೆಂಗಳೂರಿನಲ್ಲಿ ಹುಟ್ಟಿದವನೇ!

ನಮ್ಮಪ್ಪ ಬೈಲಹೊಂಗಲದ ಪೇಟೆಯಲ್ಲಿ ಹಮಾಲ. ಹತ್ತಿಯ ಅಂಡಿಗೆ ಹೊತ್ತು ಹೊತ್ತು ಬೆನ್ನು ಬಾಗಿತ್ತು. ಸಾಹೇಬರ ಮುಂದೆ ಮಾತ್ರ ‘ನಮ್ಮ ತಂದೆ ಸಾಲಿ ಮಾಸ್ತರು’ ಅಂತ ಬೊಗಳಿಬಿಟ್ಟಿದ್ದೆ.

ಒಂದು ಮಧ್ಯಾಹ್ನ ಬೈಲಹೊಂಗಲದಿಂದ ಬರುವ ಬಸ್ಸು ಬಂದು ನಿಂತಿತು. ಹತ್ತಿದೆ. ಹಿಂದಿನ ಸೀಟಿನಲ್ಲಿ ಅಪ್ಪ. ಅದೇ ಹರಕು ಅಂಗಿ, ತಲೆಗೆ ಸುತ್ತಿದ ಟವೆಲು. ನನ್ನ ಬೆನ್ನಿಗೇ ಸಾಹೇಬರು. ಎಲ್ಲರನ್ನೂ ಕೇಳುವ ದನಿಯಲ್ಲೇ, “ಯಜಮಾನ್ರ, ಎಲ್ಲಿಗೆ ಹೊಂಟೀರಿ?” ಅಂದೆ. ಅಪ್ಪ ಸುಮ್ಮನೆ ನನ್ನ ಮುಖ ನೋಡಿದ. ಸಾಹೇಬರಿಗೆ ಸಂಶಯ ಬರಬಾರದೆಂದು ಇನ್ನೂ ಜೋರು ಮಾಡಿ ಮತ್ತೆ ಕೇಳಿದೆ. ಅಪ್ಪ ಎದ್ದ, ನನ್ನನ್ನು ದಾಟಿ ಇಳಿದ, ಬಂದ ದಾರಿ ಹಿಡಿದು ನಡೆದುಬಿಟ್ಟ. ಆ ಮುದುಕ ಯಾಕೆ ಇಳಿದ ಅಂತ ಪೊಲೀಸಪ್ಪ ನಕ್ಕ. ನಾನೂ ನಕ್ಕೆ.

ಮನಸ್ಸು ತಡೆಯದೆ ಸಂಜೆ ಬಸ್ಸಿಗೆ ಊರಿಗೆ ಹೋದೆ. ಮನೆ ಮುಂದೆ ಮಂದಿ ನೆರೆದಿತ್ತು. ಅವ್ವ ಅಳುತ್ತಲೇ ಹೇಳಿದಳು. ನಾನು ಸವದತ್ತಿಗೆ ಹೋದಾಗಿನಿಂದ ಅಪ್ಪನಿಗೆ ಜ್ವರ, ಹಾಸಿಗೆ ಬಿಟ್ಟು ಎದ್ದಿಲ್ಲ. ಇವತ್ತು ಮಧ್ಯಾಹ್ನ ಮೈ ತಣ್ಣಗಾಗಿ ಉಸಿರೇ ನಿಂತಿತ್ತಂತೆ. ಬಾಯಿಗೆ ನೀರು ಬಿಡುವ ಹೊತ್ತಿಗೆ ಕಣ್ಣು ತೆರೆದನಂತೆ.

ಒಳಗೆ ಹೋದೆ. ಅಪ್ಪ ನನ್ನ ಕೈ ಹಿಡಿದುಕೊಂಡ. “ಹೊಂಟಬಿಟ್ಟಿದ್ನೆಪಾ. ನೀ ಎಲ್ಲಿಗೆ ಅಂತ ಕೇಳಿದಿ, ತಿರುಗಿ ಬಂದೆ” ಅಂದ.

ಮರುದಿನ ಕಂಡಕ್ಟರನನ್ನು ಹುಡುಕಿ ಕೇಳಿದೆ. ಮುದುಕ ಇಳಿದದ್ದು ನೆನಪಿದೆ, ಹತ್ತಿದ್ದು ಎಲ್ಲೋ ಗೊತ್ತಿಲ್ಲ ಅಂದ. ಡಾಕ್ಟರು ಜ್ವರದ ಭ್ರಮೆ ಅಂದರು. ಜ್ವರ ಅಪ್ಪನಿಗಿತ್ತು, ಕಂಡದ್ದು ನನಗೆ. ಇವತ್ತಿಗೂ ಅದರ ತಲೆಬುಡ ತಿಳಿದಿಲ್ಲ.

ಅಪ್ಪ ಗುಣವಾಗಿ ಎಷ್ಟೋ ವರ್ಷ ಬದುಕಿದ. ಸಾವಿನ ದಾರಿಯಿಂದ ತನ್ನನ್ನು ಮಗನೇ ತಿರುಗಿಸಿದ ಅಂತ ಪೇಟೆಯಲ್ಲೆಲ್ಲ ಹೇಳಿಕೊಂಡ. ಮಂದಿ ನನ್ನ ಬೆನ್ನು ತಟ್ಟಿದಾಗೆಲ್ಲ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಒಮ್ಮೆ ಮಾತ್ರ, ಇಬ್ಬರೇ ಊಟಕ್ಕೆ ಕುಂತಾಗ, ಅಪ್ಪ ಮೆಲ್ಲಗೆ ಕೇಳಿದ.

“ಆವತ್ತು ನೀ ನನ್ನ ಗುರ್ತ ಹಿಡದಿದ್ದಿ, ಹೌದಲ್ಲೋ? ಮತ್ತ ಯಾಕ ಅಪ್ಪಾ ಅನ್ನಲಿಲ್ಲ?”

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಅಪ್ಪ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ.